ಟರ್ಫ್‌ನ ಆಟ, ವಿಶ್ವಕಪ್‌ನ ನಿಯಮ: ಉಡುಪಿಯ ಪತ್ರಕ್ಕೆ ಸಂಪಾದಕರ ಉತ್ತರ

ಪತ್ರ ಬಂದಿರುವುದು ಉಡುಪಿಯ ಕಾಲೇಜೊಂದರ ಹಳೆ ವಿದ್ಯಾರ್ಥಿಗಳಿಂದ. ಆಟಿ ತಿಂಗಳಲ್ಲಿ ಮೈದಾನವೆಲ್ಲ ಕೆಸರು. ಹಾಗಾಗಿ ಕಾಲೇಜಿನ ಒಳಾಂಗಣದಲ್ಲಿ ಎಂಟು ತಂಡಗಳ ಫುಟ್ಸಾಲ್ (ಗಟ್ಟಿ ನೆಲದ ಅಂಕಣದಲ್ಲಿ ಐದೈದು ಜನ ಆಡುವ ಫುಟ್‌ಬಾಲ್) ಪಂದ್ಯಾಟ ಇಟ್ಟುಕೊಳ್ಳುವ ಯೋಚನೆ ಅವರದು. ನಿಯಮ ಮಾತ್ರ ಫಿಫಾ ಫುಟ್ಸಾಲ್ ವಿಶ್ವಕಪ್‌ನದೇ ಆಗಬೇಕಂತೆ. ‘ಟರ್ಫ್‌ನಲ್ಲಿ ಐದೈದು ಜನ ಆಡಿ ನಮಗೆ ಅಭ್ಯಾಸವಿದೆ, ಎರಡು ದಿನದಲ್ಲಿ ಮುಗಿಸಬಹುದೇ? ಇಲ್ಲಿಂದ ಭಾರತ ತಂಡಕ್ಕೆ ದಾರಿ ಇದೆಯೇ?’ ಎಂದು ಕೇಳಿದ್ದಾರೆ.

ನಿಮ್ಮ ಉತ್ಸಾಹ ನಮಗೂ ಖುಷಿ ಕೊಟ್ಟಿದೆ. ಆದರೆ ಟರ್ಫ್‌ನ, ಅಂದರೆ ಸುತ್ತ ಬಲೆ ಕಟ್ಟಿದ ಕೃತಕ ಹುಲ್ಲಿನ ಅಂಕಣದ, ಅಭ್ಯಾಸವನ್ನೇ ನಂಬಿ ಹೊರಟರೆ ಮೊದಲ ಪಂದ್ಯದಲ್ಲೇ ಜಗಳವಾಗುತ್ತದೆ. ಟರ್ಫ್‌ನಲ್ಲಿ ಚೆಂಡು ಬಲೆಗೆ ಬಡಿದು ವಾಪಸ್ ಬಂದರೂ ಆಟ ನಡೆಯುತ್ತದೆ, ಗಡಿಯಾರ ತನ್ನಷ್ಟಕ್ಕೆ ಓಡುತ್ತದೆ, ಫೌಲ್ ಲೆಕ್ಕ ಇಡುವವರಿಲ್ಲ. ಫುಟ್ಸಾಲ್‌ನಲ್ಲಿ ಈ ಮೂರೂ ಬೇರೆ.

ಮೊದಲು ಅಂಕಣ. ಅಂತಾರಾಷ್ಟ್ರೀಯ ಪಂದ್ಯಕ್ಕೆ ಉದ್ದ 38ರಿಂದ 42 ಮೀಟರ್, ಅಗಲ 20ರಿಂದ 25 ಮೀಟರ್ ಬೇಕು. ಉಳಿದ ಪಂದ್ಯಗಳಿಗೆ ಕನಿಷ್ಠ 25 ಮೀಟರ್ ಉದ್ದ, 16 ಮೀಟರ್ ಅಗಲ ಇದ್ದರೆ ಸಾಕು. ಬಾಸ್ಕೆಟ್‌ಬಾಲ್ ಅಂಕಣ 28ಕ್ಕೆ 15 ಮೀಟರ್. ಅದರ ಗೆರೆಗಳನ್ನೇ ಬಳಸಿದರೆ ಅಗಲದಲ್ಲಿ ಒಂದು ಮೀಟರ್ ಕಡಿಮೆ ಬೀಳುತ್ತದೆ, ಹೊರಗೆ ಹೊಸ ಗೆರೆ ಎಳೆಯಬೇಕು. ಹ್ಯಾಂಡ್‌ಬಾಲ್ ಅಂಕಣ ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಅದು 40ಕ್ಕೆ 20 ಮೀಟರ್, ಗೋಲ್ ಕೂಡ ಫುಟ್ಸಾಲ್‌ನಷ್ಟೇ: 3 ಮೀಟರ್ ಅಗಲ, 2 ಮೀಟರ್ ಎತ್ತರ. ಹ್ಯಾಂಡ್‌ಬಾಲ್‌ನ 6 ಮೀಟರ್ ಗೆರೆಯನ್ನೇ ಪೆನಾಲ್ಟಿ ಆವರಣ ಎಂದು ಇಟ್ಟುಕೊಳ್ಳಬಹುದು. ಫುಟ್ಸಾಲ್‌ನಲ್ಲಿ ಕಂಬದ ಹೊರಗಿನಿಂದ ಅಳೆಯುವುದರಿಂದ ನಡುವಿನ ನೇರ ಗೆರೆ 3 ಮೀಟರ್ ಬದಲು 3.16 ಆಗುತ್ತದೆ, ಅಷ್ಟೇ ವ್ಯತ್ಯಾಸ. ಎಡವುವುದು ಬೇರೆ ಕಡೆ. ಹ್ಯಾಂಡ್‌ಬಾಲ್‌ನ 7 ಮೀಟರ್ ಗುರುತಿನಲ್ಲಿ ಚೆಂಡಿಟ್ಟು ಪೆನಾಲ್ಟಿ ಹೊಡೆಸಿಬಿಡುತ್ತಾರೆ. ಫುಟ್ಸಾಲ್ ಪೆನಾಲ್ಟಿ 6 ಮೀಟರ್‌ನಿಂದ. 10 ಮೀಟರ್‌ನಲ್ಲಿ ಇನ್ನೊಂದು ಗುರುತು ಬೇಕು, ಟೇಪ್ ಅಂಟಿಸಿ. ಗೋಲ್‌ನ ಹಿಂಬದಿಗೆ ಮರಳಿನ ಚೀಲ ಹೇರದೆ ಆಟ ಶುರು ಮಾಡಬೇಡಿ. ಹಗುರ ಗೋಲ್ ಮುಂದಕ್ಕೆ ಮಗುಚಿದರೆ ಜೀವಕ್ಕೇ ಅಪಾಯ.

ಚೆಂಡಿನ ವಿಷಯದಲ್ಲಿ ಹಣ ಉಳಿಸಲು ಹೋಗಬೇಡಿ. ಸುತ್ತಳತೆ 62ರಿಂದ 64 ಸೆಂ.ಮೀ., ತೂಕ 400ರಿಂದ 440 ಗ್ರಾಂ. ಎರಡು ಮೀಟರ್ ಎತ್ತರದಿಂದ ಬಿಟ್ಟರೆ ಮೊದಲ ಪುಟಿತ 50 ಸೆಂ.ಮೀ.ಗಿಂತ ಕಡಿಮೆ ಆಗಬಾರದು, 65 ದಾಟಬಾರದು. ಅಂಗಡಿಯಲ್ಲಿ ‘ನಾಲ್ಕನೇ ಸೈಜ್’ ಎಂದು ಕೇಳಿದರೆ ಮಕ್ಕಳ ಫುಟ್‌ಬಾಲ್ ಕೊಟ್ಟಾರು. ಅದು ಹಗುರ, ಗಟ್ಟಿ ನೆಲದಲ್ಲಿ ಎದೆಯೆತ್ತರ ಹಾರುತ್ತದೆ. ಗೋಡೆಗೆ ಅಳತೆಪಟ್ಟಿ ಅಂಟಿಸಿ, ಅಲ್ಲೇ ಬಿಟ್ಟು ನೋಡಿ. ಗಾಳಿ 0.6ರಿಂದ 0.9 ಬಾರ್, ಕೈಯಲ್ಲಿ ಒತ್ತಿ ಅಂದಾಜು ಮಾಡುವವರು ಸಾಮಾನ್ಯವಾಗಿ ಹೆಚ್ಚೇ ತುಂಬುತ್ತಾರೆ, ಒಳ್ಳೆಯ ಚೆಂಡೂ ಆಗ ಕುಣಿಯತೊಡಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಮೇಜಿಗೆ, ಅಂದರೆ ಸಮಯಪಾಲಕ ಮತ್ತು ಮೂರನೇ ರೆಫರಿ ಕೂರುವ ಜಾಗಕ್ಕೆ. ವಿಶ್ವಕಪ್‌ನಲ್ಲಿ 20 ನಿಮಿಷದ ಎರಡು ಅವಧಿ. ಚೆಂಡು ಗೆರೆ ದಾಟಿದರೆ, ಫೌಲ್ ಆದರೆ ಗಡಿಯಾರ ನಿಲ್ಲುತ್ತದೆ. ಹಾಗಾಗಿ ವಿರಾಮವೂ ಸೇರಿ ಒಂದು ಪಂದ್ಯಕ್ಕೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ನಾಲ್ಕು ತಂಡಗಳ ಎರಡು ಗುಂಪು ಮಾಡಿದರೆ 12 ಪಂದ್ಯ, ಜೊತೆಗೆ ಸೆಮಿಫೈನಲ್ ಎರಡು, ಫೈನಲ್ ಒಂದು: ಒಟ್ಟು 15. ಇಪ್ಪತ್ತೆರಡೂವರೆ ಗಂಟೆಯ ಆಟ ಎರಡು ದಿನದಲ್ಲಿ ಹಿಡಿಸುವುದಿಲ್ಲ. ಗುಂಪಿನ ಪಂದ್ಯಗಳನ್ನು 10 ನಿಮಿಷದ ಎರಡು ಅವಧಿಗೆ ಇಳಿಸಿ, ಪಂದ್ಯಕ್ಕೆ 45 ನಿಮಿಷದಂತೆ ಮೊದಲ ದಿನ ಮುಗಿಸಿ. ಎರಡನೇ ದಿನದ ಮೂರು ಪಂದ್ಯ ಪೂರ್ತಿ 20 ನಿಮಿಷದವು. ಅವಧಿ ಕಡಿಮೆ ಮಾಡಿದರೂ ಗಡಿಯಾರ ನಿಲ್ಲಿಸುವುದನ್ನು ಕೈಬಿಡಬೇಡಿ. ಬಿಟ್ಟರೆ ಮುಂದಿರುವ ತಂಡ ಚೆಂಡು ತರಲು ನಡೆದುಕೊಂಡು ಹೋಗುತ್ತದೆ.

ಫೌಲ್ ಲೆಕ್ಕ ಪ್ರತಿ ಅವಧಿಗೆ ಹೊಸದು. ಡೈರೆಕ್ಟ್ ಫ್ರೀ ಕಿಕ್ (ನೇರ ಗೋಲ್‌ಗೇ ಹೊಡೆಯಬಹುದಾದ ಹೊಡೆತ) ಆಗುವ ಫೌಲ್‌ಗಳನ್ನು ಮಾತ್ರ ಎಣಿಸಬೇಕು. ಐದರವರೆಗೆ ಫೌಲ್ ಮಾಡಿದ ತಂಡ ಚೆಂಡಿನ ಎದುರು ಆಟಗಾರರ ಗೋಡೆ ಕಟ್ಟಬಹುದು. ಆರನೆಯದರಿಂದ ಗೋಡೆಯಿಲ್ಲ, 10 ಮೀಟರ್ ಗುರುತಿನಿಂದ ನೇರ ಗೋಲ್‌ಗೆ ಹೊಡೆತ. ಫೌಲ್ ಅದಕ್ಕಿಂತ ಹತ್ತಿರ ಆಗಿದ್ದರೆ ಆ ಜಾಗದಿಂದಲೇ ಹೊಡೆಯಬಹುದು. ಲೆಕ್ಕ ತಪ್ಪುವುದು ರೆಫರಿ ಅಡ್ವಾಂಟೇಜ್ ಕೊಟ್ಟಾಗ, ಅಂದರೆ ಫೌಲ್ ಆದ ತಂಡಕ್ಕೆ ಲಾಭವಿದೆಯೆಂದು ಆಟ ನಿಲ್ಲಿಸದಿದ್ದಾಗ: ಆಟ ಮುಂದುವರಿದರೂ ಫೌಲ್ ಫೌಲೇ, ಆಟ ನಿಂತ ಕೂಡಲೇ ರೆಫರಿ ಮೇಜಿಗೆ ಸನ್ನೆ ಮಾಡಬೇಕು. ಅಂಕಿಯ ರಟ್ಟುಗಳನ್ನು ಎರಡೂ ತಂಡಕ್ಕೆ ಕಾಣುವಂತೆ ಇಡಿ. ಹತ್ತು ನಿಮಿಷದ ಅವಧಿಯಲ್ಲಿ ಮಿತಿಯನ್ನು ಮೂರಕ್ಕೆ ಇಳಿಸುವುದು ಒಳ್ಳೆಯದು, ಇಲ್ಲವಾದರೆ ಫೌಲ್ ಮಾಡಲು ಯಾರೂ ಹೆದರುವುದಿಲ್ಲ. ಇದು ನಮ್ಮ ಸಲಹೆ, ವಿಶ್ವಕಪ್‌ನ ನಿಯಮವಲ್ಲ. ಮೊದಲೇ ಬರೆದು ಕೊಡಿ.

ಕಿಕ್ ಇನ್ (ಪಕ್ಕದ ಗೆರೆ ದಾಟಿದ ಚೆಂಡನ್ನು ಕಾಲಿನಿಂದ ಒಳಗೆ ಕಳಿಸುವುದು), ಕಾರ್ನರ್, ಫ್ರೀ ಕಿಕ್, ಗೋಲ್‌ಕೀಪರ್ ಕೈಯಿಂದ ಎಸೆಯುವ ಚೆಂಡು, ಎಲ್ಲಕ್ಕೂ ನಾಲ್ಕೇ ಸೆಕೆಂಡು. ರೆಫರಿ ಕೈ ಎತ್ತಿ ಬೆರಳಿನಲ್ಲಿ ಎಣಿಸಲಿ. ಬದಲಿ ಆಟಗಾರರು ಎಷ್ಟು ಸಲವಾದರೂ ಬರಬಹುದು, ಆದರೆ ತಮ್ಮ ಬೆಂಚಿನ ಎದುರಿನ 5 ಮೀಟರ್ ಜಾಗದಿಂದಲೇ, ಒಳಗಿದ್ದವರು ಹೊರಬಂದ ಮೇಲೆ. ಕೆಂಪು ಕಾರ್ಡ್ ಆದರೆ ಎರಡು ನಿಮಿಷ ನಾಲ್ವರೇ ಆಡಬೇಕು. ಅಷ್ಟರೊಳಗೆ ಐವರಿರುವ ಎದುರಾಳಿ ಗೋಲ್ ಹೊಡೆದರೆ ಬದಲಿಯನ್ನು ಕೂಡಲೇ ಕಳುಹಿಸಬಹುದು. ಅದಕ್ಕೆ ಮೇಜಿನಲ್ಲಿ ಎರಡನೇ ಸ್ಟಾಪ್‌ವಾಚ್ ಇರಲಿ.

ಮಳೆಗಾಲದ ನೆಲವೇ ನಮ್ಮ ಕರಾವಳಿಯ ದೊಡ್ಡ ತಲೆನೋವು. ತೇವದ ಗಾಳಿಗೆ ಪಾಲಿಶ್ ಮಾಡಿದ ನೆಲ ಬೆವರುತ್ತದೆ, ಅದರ ಮೇಲೆ ಧೂಳು ಕೂತರೆ ಶೂ ಹಿಡಿಯುವುದಿಲ್ಲ. ಗಾಳಿ ಬೀಸುವ ಬದಿಯ ಬಾಗಿಲು ಮುಚ್ಚಿ, ಕೊಡೆ ಚಪ್ಪಲಿ ಹೊರಗಿಡಿಸಿ, ಒಣ ಮಾಪ್ ಹಿಡಿದ ಇಬ್ಬರನ್ನು ಗೆರೆಯ ಬಳಿ ನಿಲ್ಲಿಸಿ. ಟರ್ಫ್ ಶೂಗೆ ಒಳಗೆ ಪ್ರವೇಶ ಬೇಡ. ಗುರುತು ಬೀಳದ ಚಪ್ಪಟೆ ರಬ್ಬರ್ ಅಡಿಯ ಶೂ ಮಾತ್ರ.

ಭಾರತ ತಂಡದ ದಾರಿ ಇದೆ, ಉದ್ದವಿದೆ. 1989ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾದ ಈ ವಿಶ್ವಕಪ್‌ನಲ್ಲಿ ಭಾರತ ಇನ್ನೂ ಆಡಿಲ್ಲ. 2024ರಲ್ಲಿ ಉಜ್ಬೇಕಿಸ್ತಾನದಲ್ಲಿ 24 ತಂಡಗಳಿದ್ದವು; ಫೈನಲ್‌ನಲ್ಲಿ ಬ್ರೆಜಿಲ್ 2-1ರಿಂದ ಅರ್ಜೆಂಟೀನಾವನ್ನು ಸೋಲಿಸಿ ಆರನೇ ಸಲ ಗೆದ್ದಿತು. ಏಷ್ಯಾದಿಂದ ಹೋಗಬೇಕಾದರೆ ಮೊದಲು ಅರ್ಹತಾ ಸುತ್ತು, ಆಮೇಲೆ 16 ತಂಡಗಳ ಏಷ್ಯನ್ ಕಪ್. ಆತಿಥೇಯ ಉಜ್ಬೇಕಿಸ್ತಾನದ ಜೊತೆ ಆ ಸಲ ಇರಾನ್, ಥಾಯ್ಲೆಂಡ್, ತಜಿಕಿಸ್ತಾನ, ಅಫ್ಘಾನಿಸ್ತಾನ ಹೋದವು. ಕೊನೆಯ ಎರಡಕ್ಕೂ ಅದೇ ಮೊದಲ ವಿಶ್ವಕಪ್. ಭಾರತ ಏಷ್ಯನ್ ಅರ್ಹತಾ ಸುತ್ತಿಗೆ ಕಾಲಿಟ್ಟದ್ದು 2023ರಲ್ಲಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 2021ರಿಂದ ಫುಟ್ಸಾಲ್ ಕ್ಲಬ್ ಚಾಂಪಿಯನ್‌ಶಿಪ್ ನಡೆಸುತ್ತಿದೆ. ನಿಮ್ಮ ಆಟಗಾರರು ಮೊದಲು ಜಿಲ್ಲಾ ಸಂಸ್ಥೆಯ ಮೂಲಕ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲಿ ನೋಂದಾಯಿತ ಕ್ಲಬ್ ಸೇರಲಿ.

ಆರು ಜನರ ‘ಸೊಕ್ಕಾ’ ವಿಶ್ವಕಪ್ ಬೇರೆಯೇ ಸಂಸ್ಥೆಯದು, 2018ರಲ್ಲಿ ಲಿಸ್ಬನ್‌ನಲ್ಲಿ ಶುರುವಾಯಿತು, ಫಿಫಾದ್ದಲ್ಲ. ಅಲ್ಲಿ ಆಡುವುದು ತಪ್ಪೇನಲ್ಲ. ಆದರೆ ‘ಭಾರತ ತಂಡಕ್ಕೆ ಆಯ್ಕೆ’ ಎಂದು ಯಾರಾದರೂ ನಿಮ್ಮ ಹುಡುಗರಿಂದ ಹಣ ಕೇಳಿದರೆ, ಯಾವ ಸಂಸ್ಥೆಯ ತಂಡ, ರಾಷ್ಟ್ರೀಯ ಫೆಡರೇಶನ್‌ನ ಮಾನ್ಯತೆ ಇದೆಯೇ, ಪ್ರಯಾಣದ ಖರ್ಚು ಯಾರದು ಎಂಬುದನ್ನು ಲಿಖಿತವಾಗಿ ಪಡೆದ ಮೇಲೆಯೇ ಪಾಸ್‌ಪೋರ್ಟ್ ಕೊಡಲಿ.