ಎನ್‌ಸಿಎಲ್‌ಟಿ ಆದೇಶವನ್ನು ಕೇಂದ್ರ ಸರ್ಕಾರ ತಳ್ಳಿಹಾಕಬಹುದಾ?

ಆಗಲ್ಲ. ಎನ್‌ಸಿಎಲ್‌ಟಿ ಅಂದರೆ ಕಂಪನಿ ವ್ಯಾಜ್ಯಗಳನ್ನು ತೀರ್ಮಾನಿಸುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ. ಅದರ ಆದೇಶ ಹಿಡಿಸದಿದ್ದರೆ ಸರ್ಕಾರವೂ ನಮ್ಮ ನಿಮ್ಮ ಹಾಗೆ ಅದರ ಮೇಲ್ಮನವಿ ಮಂಡಳಿಯಾದ ಎನ್‌ಸಿಎಲ್‌ಎಟಿಗೆ, ಅಲ್ಲೂ ಸೋತರೆ ಸುಪ್ರೀಂ ಕೋರ್ಟಿಗೆ ಹೋಗಬೇಕು. ಆದರೆ ಮಂಡಳಿಯ ಮೆಟ್ಟಿಲೇ ಹತ್ತದೆ ಕೆಲಸ ಮುಗಿಸುವ ದಾರಿ ಸರ್ಕಾರಕ್ಕಿದೆ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಅಲ್ಲಿದೆ.

ನಾನು ಕಂಪನಿ ಸೆಕ್ರೆಟರಿ ಒಬ್ಬರ ಆಫೀಸಿನಲ್ಲಿದ್ದೇನೆ. ಎರಡು ಕಂಪನಿ ವಿಲೀನ ಅಂದರೆ ಸಭೆಯ ನೋಟಿಸು, ಮೌಲ್ಯಮಾಪನ ವರದಿ, ಅಫಿಡವಿಟ್ಟು ಅಂತ ಫೈಲು ಮೊಣಕಾಲೆತ್ತರ ಬೆಳೆಯುತ್ತದೆ. ಅದೇ ಕೆಲಸವನ್ನು 2013ರ ಕಂಪನಿ ಕಾಯ್ದೆಯ 237ನೇ ಸೆಕ್ಷನ್ ಹಿಡಿದು ಸರ್ಕಾರ ಗೆಜೆಟ್ ಆದೇಶದಲ್ಲೇ ಮಾಡಬಹುದು. ಸಾರ್ವಜನಿಕ ಹಿತ ಅನ್ನಿಸಿದರೆ ಸಾಕು. ಕರಡು ಕಳಿಸಿ, ಆಕ್ಷೇಪಣೆಗೆ ಕನಿಷ್ಠ ಎರಡು ತಿಂಗಳು ಕೊಡಬೇಕು ಅಷ್ಟೇ. ವಿಲೀನದಿಂದಾದ ನಷ್ಟಕ್ಕೆ ಕೊಡುವ ಪರಿಹಾರ ಕಡಿಮೆಯಾಯಿತು ಅನ್ನುವವರು 30 ದಿನದೊಳಗೆ ಮಂಡಳಿಗೆ ಹೋಗಬಹುದು.

ಹಳೆಯ ಕಾಯ್ದೆಯಲ್ಲಿ ಇದು 396ನೇ ಸೆಕ್ಷನ್. ಇದನ್ನು ಬಳಸಿ ಸರ್ಕಾರ ಕೈ ಸುಟ್ಟುಕೊಂಡದ್ದೂ ಉಂಟು. 2013ರಲ್ಲಿ ಎನ್‌ಎಸ್‌ಇಎಲ್ ಅನ್ನುವ ಸರಕು ವಿನಿಮಯ ಕೇಂದ್ರದಲ್ಲಿ ಸುಮಾರು 13,000 ಜನರ 5,600 ಕೋಟಿ ರೂಪಾಯಿ ಸಿಕ್ಕಿಹಾಕಿಕೊಂಡಿತು. ಅದರ ಮಾಲೀಕ ಕಂಪನಿ ಎಫ್‌ಟಿಐಎಲ್ ಹತ್ತಿರ ದುಡ್ಡಿತ್ತು. ಎರಡನ್ನೂ ಒಂದು ಮಾಡಿಬಿಟ್ಟರೆ ವಸೂಲಿ ಸುಲಭ ಅಲ್ವಾ? 2016ರ ಫೆಬ್ರವರಿಯಲ್ಲಿ ಸರ್ಕಾರದ ವಿಲೀನ ಆದೇಶ ಬಂತು. ಬಾಂಬೆ ಹೈಕೋರ್ಟ್ ಸರಿ ಅಂದಿತು. ಅಷ್ಟರಲ್ಲಿ 63 ಮೂನ್ಸ್ ಅಂತ ಹೆಸರು ಬದಲಾಯಿಸಿಕೊಂಡಿದ್ದ ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಏಪ್ರಿಲ್ 30ರಂದು ನ್ಯಾಯಮೂರ್ತಿ ನಾರಿಮನ್ ಇದ್ದ ಪೀಠ ಆದೇಶವನ್ನೇ ರದ್ದು ಮಾಡಿತು. ಒಂದು ಗುಂಪಿನ ಬಾಕಿ ವಸೂಲಿಯನ್ನು ಸಾರ್ವಜನಿಕ ಹಿತ ಅನ್ನೋಕಾಗಲ್ಲ, ಷೇರುದಾರರಿಗಾಗುವ ನಷ್ಟಕ್ಕೆ ಪರಿಹಾರವನ್ನೂ ಸರಿಯಾಗಿ ಲೆಕ್ಕ ಹಾಕಿಲ್ಲ ಅಂತ. ದುಡ್ಡು ಕಳಕೊಂಡವರ ಬಗ್ಗೆ ನನಗೂ ಮರುಕವಿದೆ. ಆದರೂ ತೀರ್ಪು ಸರಿ ಅಂತಲೇ ನನ್ನ ಅನಿಸಿಕೆ. ಎಫ್‌ಟಿಐಎಲ್ ಷೇರು ಹಿಡಿದಿದ್ದ ಸಾಮಾನ್ಯ ಜನರೂ ಸುಮ್ನೆ ಬೆಲೆ ತೆರಬೇಕಾಗಿತ್ತು.

ಇನ್ನೊಂದು ದಾರಿ ಇನ್ನೂ ಮೆತ್ತಗಿನದು. 2023ರ ಮೇನಲ್ಲಿ ಗೋ ಫಸ್ಟ್ ವಿಮಾನ ಕಂಪನಿಯ ದಿವಾಳಿ ಅರ್ಜಿಯನ್ನು ಎನ್‌ಸಿಎಲ್‌ಟಿ ಒಪ್ಪಿಕೊಂಡಿತು. ಹಾಗಾಗಿ ಕಂಪನಿಯ ಕೈಯಲ್ಲಿದ್ದ ಯಾವುದನ್ನೂ ಯಾರೂ ಎಳೆದೊಯ್ಯುವಂತಿರಲಿಲ್ಲ, ಬಾಡಿಗೆಗೆ ತಂದ ವಿಮಾನಗಳನ್ನೂ. ಅಕ್ಟೋಬರ್ 3ರಂದು ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ, ವಿಮಾನಗಳಿಗೆ ಈ ತಡೆ ಅನ್ವಯಿಸಲ್ಲ ಅಂದಿತು. ದಿವಾಳಿ ಸಂಹಿತೆಯ 14ನೇ ಸೆಕ್ಷನ್‌ನಲ್ಲೇ ಅದಕ್ಕೆ ಅವಕಾಶ ಇದೆ. ಮುಂದಿನ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್, ಬಾಡಿಗೆಗೆ ಕೊಟ್ಟವರು ವಾಪಸ್ ಒಯ್ಯುವಂತೆ ಆ ವಿಮಾನಗಳ ನೋಂದಣಿ ತೆಗೆಯಲು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಗೆ ಹೇಳಿತು.