ಹೊಸ ಬಾಕ್ಸ್ ಬಂದಾಗಲೆಲ್ಲ ಮಂಕಾಗುವ ಹುಡುಗ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅಪ್ಪ, ಅಮ್ಮ, ಮಗ ಮೂವರೂ ಬರೆಯಲು ಒಪ್ಪಿದ್ದಾರೆ.)

ಟೆಕ್ಸಾಸ್‌ನಲ್ಲಿ ನೆಲೆಸಿದ, ಮನೆಯಲ್ಲಿ ಕನ್ನಡ ಮಾತಾಡುವ ಕ್ರೈಸ್ತ ಕುಟುಂಬ. ಮಗನಿಗೆ 12 ವರ್ಷ, ಏಳನೇ ತರಗತಿ. ಐದನೇ ತರಗತಿಯಿಂದ ಶಾಲೆಗೆ ಕಳಿಸದೆ ಅಮ್ಮನೇ ಮನೆಯಲ್ಲಿ ಪಾಠ ಮಾಡುತ್ತಿದ್ದಾರೆ. ಇಷ್ಟರಲ್ಲಿ ಮೂರು ಕ್ರೈಸ್ತ ಪಠ್ಯಕ್ರಮ ಆಗಿವೆ. ನಾಲ್ಕನೆಯದನ್ನು ಕೊಳ್ಳುವ ಮೊದಲು ಒಂದು ಮಾತು ಕೇಳೋಣ ಅಂತ ಫೆಬ್ರವರಿಯಲ್ಲಿ ನನ್ನ ಹತ್ತಿರ ಬಂದರು.

ಅಮ್ಮ ಬರುವಾಗ ಒಂದು ದೊಡ್ಡ ಹಾಳೆ ತಂದಿದ್ದರು. ಅಬೆಕಾ, ಬಿಜೆಯು ಪ್ರೆಸ್, ಸನ್‌ಲೈಟ್, ಅಪೊಲೋಜಿಯಾ ಅಂತ ಸಾಲಾಗಿ ಪಠ್ಯಕ್ರಮ ಪ್ರಕಾಶಕರ ಹೆಸರು. ಪಕ್ಕದಲ್ಲಿ ಬೆಲೆ, ವಿಡಿಯೊ ಇದೆಯಾ, ಟೀಚರ್ ಗೈಡ್ ಹೇಗಿದೆ, ಬೈಬಲ್ ಪಾಠ ಎಷ್ಟಿದೆ ಅಂತ ಕಾಲಂಗಳು. ಬಣ್ಣ ಬಣ್ಣದ ಪೆನ್ನಲ್ಲಿ ಗುರುತು ಬೇರೆ. ತುಂಬಾ ಶ್ರಮ ಹಾಕಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗನಿಗೆ ಏನು ಬರುತ್ತೆ, ಏನು ಬರಲ್ಲ ಅನ್ನುವ ಕಾಲಂ ಮಾತ್ರ ಅದರಲ್ಲಿ ಇರಲಿಲ್ಲ.

“ಮೇಡಂ, ಇವನು ಗಣಿತ ಅಂದ್ರೆ ಅಳ್ತಾನೆ. ಬೈಬಲ್ ಟೆಸ್ಟ್‌ನಲ್ಲಿ ಬೇಕಂತಲೇ ಖಾಲಿ ಬಿಡ್ತಾನೆ. ಡೈನೋಸಾರ್ ಯಾವಾಗ ಇತ್ತು ಅಂತ ವಾದ ಮಾಡ್ತಾನೆ. ಹೊಸ ಪಠ್ಯದಲ್ಲಿ ಎಲ್ಲಾ ವಿಷಯದಲ್ಲೂ ದೇವರ ವಾಕ್ಯ ಬರುತ್ತೆ. ಅದಾದ್ರೂ ಹಿಡಿದು ನಿಲ್ಲಿಸಬಹುದು ಅಂತ” ಎಂದರು. ಅವರ ಭಯ ಗಣಿತದ್ದು ಕಮ್ಮಿ, ವಿಶ್ವಾಸದ್ದು ಜಾಸ್ತಿ. ಅಪ್ಪ ಪಕ್ಕದಲ್ಲಿ ಕೂತು ಫೋನ್ ತಿರುಗಿಸುತ್ತಿದ್ದರು. ಪಾಠದ ವಿಷಯ ಎಲ್ಲ ಅವಳದ್ದೇ ಅಂದರು.

ಹುಡುಗನ ಜೊತೆ ಬೇರೆ ಕೂತೆ. ಮೊದಲು ಏನೂ ಹೇಳಲಿಲ್ಲ. ಅಮ್ಮ ಹೊಸ ಪುಸ್ತಕ ತರಿಸ್ತಾರಂತೆ, ಹೇಗನಿಸುತ್ತೆ ಅಂತ ಕೇಳಿದೆ. ಭುಜ ಕುಣಿಸಿದ. ಆಮೇಲೆ ಮೆಲ್ಲಗೆ ಅಂದ: “ಹೊಸ ಬಾಕ್ಸ್ ಬಂತು ಅಂದ್ರೆ, ಹಳೇದ್ರಲ್ಲಿ ನಾನು ಫೇಲ್ ಅಂತ.”

ಹಾಗಂತ ಅವನಿಗೆ ಯಾರೂ ಹೇಳಿಲ್ಲ. ಅಮ್ಮ ಒಂದೊಂದು ಸಲವೂ “ನಿನಗೋಸ್ಕರ ತರಿಸಿದ್ದು” ಅಂತ ಖುಷಿಯಿಂದಲೇ ಕೊಟ್ಟಿದ್ದಾರೆ. ಅವನ ಕಿವಿಗೆ ಅದು “ನಿನ್ನಿಂದಾಗಿ ತರಿಸಿದ್ದು” ಅಂತ ಕೇಳಿಸಿದೆ. ಹನ್ನೆರಡರ ವಯಸ್ಸೇ ಹಾಗೆ. ಏನೇ ನಡೆದರೂ ಅದು ತನ್ನ ಬಗ್ಗೆಯೇ ಅಂತ ಅನಿಸುವ ಕಾಲ.

ಅವನ ಗಣಿತದ ನೋಟ್‌ಬುಕ್ ತರಲು ಹೇಳಿದೆ. ಒಂದು ಪುಟದಲ್ಲಿ 3/4 ÷ 1/2 ಅಂತ ಲೆಕ್ಕ. ಉತ್ತರ 3/8 ಅಂತ ಬರೆದು, ಅಳಿಸಿ, ಮತ್ತೆ 3/8 ಅಂತಲೇ ಬರೆದಿದ್ದ. ಕಾಗದ ಸವೆದು ತೂತಾಗಿತ್ತು. ಭಾಗಿಸುವ ಬದಲು ಗುಣಿಸಿದ್ದಾನೆ. ನೋಟ್‌ಬುಕ್ ಮುಚ್ಚಿ, ಮುಕ್ಕಾಲರಲ್ಲಿ ಅರ್ಧ ಎಷ್ಟು ಸಲ ಹಿಡಿಸುತ್ತೆ ಅಂತ ಬಾಯಲ್ಲಿ ಕೇಳಿದೆ. ಒಂದು ನಿಮಿಷ ಚಾವಣಿ ನೋಡಿ, “ಒಂದೂವರೆ?” ಅಂದ. ಸರಿಯಾದ ಉತ್ತರ. ತಲೆಗೆ ಏನೂ ಆಗಿಲ್ಲ ಅಂತಾಯ್ತು. ಹಾಗಾದರೆ ಭಿನ್ನರಾಶಿ ಭಾಗಾಕಾರ ಯಾಕೆ ಬರಲ್ಲ?

ಅಮ್ಮನನ್ನು ಒಳಗೆ ಕರೆದು, ಯಾವ ಪುಸ್ತಕ ಯಾವಾಗ ಶುರುವಾಯಿತು, ಎಲ್ಲಿಗೆ ನಿಂತಿತು ಅಂತ ಬರೆಸಿದೆ. ಆಗ ಕಂಡಿತು. ಎರಡು ಬದಲಾವಣೆಯೂ ಜನವರಿ, ಫೆಬ್ರವರಿಯಲ್ಲೇ ಆಗಿವೆ. ಮನೆಪಾಠ ಮಾಡುವ ತಾಯಂದಿರು ಸುಸ್ತಾಗಿ ಕೈಚೆಲ್ಲುವ ತಿಂಗಳುಗಳು ಅವು. ಹೊಸ ಪುಸ್ತಕ ಬಂದಾಗ ಬುನಾದಿ ಗಟ್ಟಿಯಾಗಲಿ ಅಂತ ಒಂದನೇ ಪಾಠದಿಂದಲೇ ಶುರು. ಹೀಗಾಗಿ ಹುಡುಗ ಎಲ್ಲಾ ಪುಸ್ತಕಗಳ ಮೊದಲರ್ಧವನ್ನು ಮತ್ತೆ ಮತ್ತೆ ಓದಿದ್ದಾನೆ. ಭಿನ್ನರಾಶಿ ಭಾಗಾಕಾರ ಅವರು ಬಳಸಿದ ಪುಸ್ತಕಗಳಲ್ಲಿ ಇದ್ದದ್ದು ದ್ವಿತೀಯಾರ್ಧದಲ್ಲಿ. ಆ ಪುಟಗಳಿಗೆ ಅವನು ತಲುಪಿಯೇ ಇರಲಿಲ್ಲ. ಏಳನೇ ತರಗತಿ ಪುಸ್ತಕವಂತೂ ಅದು ಬರುತ್ತೆ ಅಂತಲೇ ಇಟ್ಟುಕೊಂಡು ಮುಂದೆ ಹೋಗುತ್ತದೆ.

ಗಣಿತದ ಪುಸ್ತಕ ಬದಲಿಸುವವರು ಇನ್ನೊಂದನ್ನೂ ನೋಡಬೇಕು. ಸ್ಯಾಕ್ಸನ್‌ನಂಥವು ಸುರುಳಿ ಪದ್ಧತಿ. ದಿನಾ ಸ್ವಲ್ಪ ಹೊಸದು, ಜೊತೆಗೆ ಹಳೆಯದೆಲ್ಲದರ ಅಭ್ಯಾಸ. ಮ್ಯಾಥ್-ಯು-ಸೀಯಂಥವು ಒಂದನ್ನು ಪೂರ್ತಿ ಕಲಿಸಿಯೇ ಇನ್ನೊಂದಕ್ಕೆ ಹೋಗುತ್ತವೆ. ಅದರಲ್ಲಿ ಭಿನ್ನರಾಶಿಗೇ ಒಂದು ಇಡೀ ಪುಸ್ತಕ. ಎರಡೂ ಒಳ್ಳೆಯವೇ. ನಡುವಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಿದರೆ ಮಾತ್ರ ಕಂದಕ ಬೀಳುತ್ತೆ.

ಮೊದಲ ಸಲಹೆ: ಈಗ ಏನನ್ನೂ ಕೊಳ್ಳಬೇಡಿ. ಮೇ ತಿಂಗಳವರೆಗೆ ಇರುವುದರಲ್ಲೇ ನಡೆಯಲಿ. ಗಣಿತ ಪುಸ್ತಕ ಪಕ್ಕಕ್ಕಿಟ್ಟು, ಕೆಲವು ವಾರ ಭಿನ್ನರಾಶಿ ಮಾತ್ರ ಮಾಡಿಸಿ. ಅಮ್ಮ ಗಾಬರಿಯಾದರು. ಪುಸ್ತಕ ಮುಗಿಸದಿದ್ದರೆ ಕಾನೂನು ಸುಮ್ನೆ ಬಿಡುತ್ತಾ ಅಂತ. ಟೆಕ್ಸಾಸ್‌ನಲ್ಲಿ ಆ ಭಯ ಬೇಡ. 1994ರ ಲೀಪರ್ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಮನೆಶಾಲೆಯನ್ನು ಖಾಸಗಿ ಶಾಲೆಯ ಲೆಕ್ಕಕ್ಕೆ ಸೇರಿಸಿತು. ಓದು, ಕಾಗುಣಿತ, ವ್ಯಾಕರಣ, ಗಣಿತ, ಒಳ್ಳೆಯ ನಾಗರಿಕರಾಗಿ ಬಾಳುವುದು ಈ ಐದನ್ನು ಪ್ರಾಮಾಣಿಕವಾಗಿ ಕಲಿಸಬೇಕು. ಇಂಥ ಪುಸ್ತಕ ಇಷ್ಟರೊಳಗೆ ಮುಗಿಯಲೇಬೇಕು ಅಂತ ಇಲ್ಲ. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ, ಅಲ್ಲಿನವರು ತಮ್ಮದನ್ನು ನೋಡಿಕೊಳ್ಳಬೇಕು. ಕಾಲೇಜಿಗೆ ಹೋಗುವಾಗ ಕೇಳುವ ಅಂಕಪಟ್ಟಿ ಸಾಮಾನ್ಯವಾಗಿ ಒಂಬತ್ತನೇ ತರಗತಿಯಿಂದ ಶುರು. ಹಾಗಾಗಿ ಕಂದಕ ತುಂಬಿಸಲು ಏಳನೇ ತರಗತಿಗಿಂತ ಒಳ್ಳೆ ಸಮಯ ಇಲ್ಲ.

ಎರಡನೆಯದು, ಬದಲಿಸುವುದೇ ಆದರೆ ಬೇಸಿಗೆಯಲ್ಲಿ, ಅದೂ ಗಣಿತದಿಂದ ಶುರು ಮಾಡಿ. ಮಗು ಯಾವ ಹಂತದ ಪುಸ್ತಕದಿಂದ ಶುರು ಮಾಡಬೇಕು ಅಂತ ತೋರಿಸುವ ಪ್ಲೇಸ್‌ಮೆಂಟ್ ಟೆಸ್ಟನ್ನು ಸುಮಾರು ಪ್ರಕಾಶಕರು ಪುಕ್ಕಟೆ ಕೊಡುತ್ತಾರೆ. ಅದನ್ನು ಬರೆಸಿ, ಬಂದ ಹಂತದಿಂದ ಮುಂದೆ ಹೋಗಿ. ಕವರ್ ಮೇಲಿನ ಅಂಕಿ ನಂಬಬೇಡಿ. ಸ್ಯಾಕ್ಸನ್‌ನ 7/6 ಪುಸ್ತಕವನ್ನೇ ನೋಡಿ. ಸಾಮಾನ್ಯ ಏಳನೇ ತರಗತಿಯವರಿಗೂ ಅದೇ, ಚುರುಕಾದ ಆರನೇ ತರಗತಿಯವರಿಗೂ ಅದೇ. ಟೆಸ್ಟ್ ಬರೆಯುವ ಮೊದಲು ಇದು ಅಂಗಿಯ ಅಳತೆ ತೆಗೆದ ಹಾಗೆ, ಪರೀಕ್ಷೆ ಅಲ್ಲ ಅಂತ ಹುಡುಗನಿಗೆ ಹೇಳಿ.

ಬೈಬಲ್ ವಿಷಯದಲ್ಲಿ ಜಾಸ್ತಿ ಹೊತ್ತು ಹೋಯಿತು. ನಾನು ಹೇಳಿದ್ದು: ಓದಿಸಿ, ಪ್ರಾರ್ಥನೆ ಮಾಡಿ, ಮಾತಾಡಿ. ಮಾರ್ಕ್ಸ್ ಮಾತ್ರ ಬೇಡ. “ಮಾರ್ಕ್ಸ್ ಇಲ್ಲದಿದ್ರೆ ಇವನು ಸತ್ಯವೇದ ಮುಟ್ಟೋದೇ ಇಲ್ಲ” ಅಂದರು ಅಮ್ಮ. ಅವನಿಗೆ ಬೈಬಲ್‌ನ ಯಾವುದಾದರೂ ಕೀರ್ತನೆ ಬಾಯಿಪಾಠ ಬರುತ್ತಾ ಅಂತ ಕೇಳಿದೆ. 23ನೆಯದು ಪೂರ್ತಿ ಕನ್ನಡದಲ್ಲೇ ಬರುತ್ತಂತೆ. ಅಜ್ಜಿ ವಿಡಿಯೊ ಕಾಲ್‌ನಲ್ಲಿ ಕಲಿಸಿದ್ದು. ಅಜ್ಜಿ ಟೆಸ್ಟ್ ಇಟ್ಟಿದ್ರಾ ಅಂತ ಕೇಳಿದ್ದಕ್ಕೆ ಅಪ್ಪ ಮೊದಲ ಸಲ ನಕ್ಕರು.

ಖಾಲಿ ಬಿಟ್ಟ ಉತ್ತರವನ್ನು ನಾನು ಅವಿಶ್ವಾಸ ಅಂತ ಓದುವುದಿಲ್ಲ. ಎಲ್ಲಾ ಕಡೆ ಅಂಕ ಕಳೆದುಕೊಳ್ಳುವ ಹುಡುಗ, ದೇವರ ವಿಷಯದಲ್ಲೂ ತನಗೆ ಅಂಕ ಬೀಳುತ್ತೆ ಅಂತ ತಿಳಿದಾಗ ಪೆನ್ನು ಕೆಳಗಿಟ್ಟಿದ್ದಾನೆ. ಡೈನೋಸಾರ್ ಪ್ರಶ್ನೆ ಬೇರೆಯೇ. ಕ್ರೈಸ್ತ ವಿಜ್ಞಾನ ಪಠ್ಯಗಳೆಲ್ಲ ಒಂದೇ ಮಾತು ಹೇಳುವುದಿಲ್ಲ. ಭೂಮಿಗೆ ಕೆಲವೇ ಸಾವಿರ ವರ್ಷ ಅಂತ ಕಲಿಸುವವು ಇವೆ, ಕೋಟ್ಯಂತರ ವರ್ಷ ಅಂತ ಒಪ್ಪುವವೂ ಇವೆ. ನೀವಿಬ್ಬರೂ ಇದರಲ್ಲಿ ಎಲ್ಲಿದ್ದೀರಿ ಅಂತ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪ ಎರಡನೇ ಗುಂಪು ಅಂತ ಅಮ್ಮನಿಗೆ ಅವತ್ತೇ ಗೊತ್ತಾಗಿದ್ದು! ಅದನ್ನು ನೀವು ಮಾತಾಡಿಕೊಳ್ಳಿ, ಆಮೇಲೆ ಪುಸ್ತಕ ಆರಿಸಿ ಅಂದೆ. ಮಗನ ಪ್ರಶ್ನೆಯನ್ನು ಸಭೆಯ (ಚರ್ಚಿನ) ಯೂತ್ ಲೀಡರ್ ಹತ್ತಿರವೂ ಕೇಳಲು ಬಿಡಿ. ಅಮ್ಮನೇ ಟೀಚರ್, ಅಮ್ಮನೇ ಸಂಡೇ ಸ್ಕೂಲ್, ಅಮ್ಮನೇ ಅಡುಗೆಮನೆ ಆದರೆ ಈ ವಯಸ್ಸಿನ ಮಗ ಹೊರಳಲು ಜಾಗ ಎಲ್ಲಿ?

ಗಣಿತವನ್ನು ಅಪ್ಪ ಸಂಜೆ ನೋಡಿಕೊಳ್ಳಬೇಕು ಅಂತಾಯ್ತು. ಅವರು ತಕ್ಷಣ ಒಪ್ಪಲಿಲ್ಲ. ವಾರಕ್ಕೆ ಮೂರು ದಿನ ಅಂತ ಇಳಿಸಿ ಒಪ್ಪಿದರು.

ಕಷ್ಟವಾಗಿದ್ದು ಮಗನಿಗೆ ಹೇಳುವ ಮಾತು. ಅಮ್ಮ ಶುರು ಮಾಡುತ್ತಲೇ “ತಪ್ಪೆಲ್ಲ ನಂದೇ ಕಣೋ” ಅಂತ ಅತ್ತರು. ಹುಡುಗ ಎದ್ದು ಟಿಶ್ಯೂ ತಂದುಕೊಟ್ಟ. ಅಲ್ಲೇ ತಡೆದೆ. ಅಮ್ಮನನ್ನು ಸಮಾಧಾನ ಮಾಡುವ ಕೆಲಸ ಅವನಿಗೆ ಬರಬಾರದು. ಸುಮ್ನೆ ನಡೆದದ್ದನ್ನು ಹೇಳಿ ಅಂದೆ. ಎರಡನೇ ಸಲ ಅವರು ಹೇಳಿದ್ದು ಚಿಕ್ಕದಾಗಿತ್ತು: “ಈ ಪಾಠ ನಿನಗೆ ಯಾರೂ ಕಲಿಸಿಲ್ಲ. ಪುಸ್ತಕ ಬದಲಿಸಿದಾಗ ಬಿಟ್ಟುಹೋಗಿದೆ. ನೀನು ಫೇಲ್ ಆಗಿಲ್ಲ.” ಹುಡುಗ “ಆರನೇ ಕ್ಲಾಸಲ್ಲೂನಾ?” ಅಂತ ಕೇಳಿದ. ಹೌದು, ಆಗಲೂ.

ಬೇಸಿಗೆಯಲ್ಲಿ ಗಣಿತ, ವಿಜ್ಞಾನ ಎರಡನ್ನು ಬದಲಿಸಿದರು. ಇತಿಹಾಸ, ಇಂಗ್ಲಿಷ್ ಹಳೆಯದೇ. ಪ್ಲೇಸ್‌ಮೆಂಟ್‌ನಲ್ಲಿ ಒಂದು ಹಂತ ಕೆಳಗೆ ಬಂದ. ಕವರ್ ಮೇಲಿನ ಅಂಕಿಗೆ ಸ್ಟಿಕರ್ ಅಂಟಿಸಲಾ ಅಂತ ಅಮ್ಮ ಕೇಳಿದರು. ಬೇಡ, ಅವನೇನು ಚಿಕ್ಕ ಮಗುವಲ್ಲ ಅಂದೆ. ಬೈಬಲ್ ಓದುವಾಗ ಅವನು ಈಗಲೂ ಹೆಚ್ಚು ಮಾತಾಡಲ್ಲವಂತೆ. ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ, ಕಾಯಬೇಕು. ಅಮ್ಮ ಪ್ರಕಾಶಕರ ಇಮೇಲ್‌ಗಳನ್ನು ಇನ್ನೂ ಓದುತ್ತಾರೆ. ಕೊಳ್ಳುವ ಮೊದಲು ಮಾದರಿ ಪಾಠವೊಂದನ್ನು ಮಗ ಮಾಡಿ ನೋಡಬೇಕು, ಫೆಬ್ರವರಿಯಲ್ಲಿ ಮಾತ್ರ ಆರ್ಡರ್ ಮಾಡಬಾರದು ಅಂತ ಮನೆಯಲ್ಲಿ ಒಪ್ಪಂದ ಆಗಿದೆ. ಎರಡನೇ ಷರತ್ತು ಹಾಕಿದ್ದು ಮಗನೇ.