ಕ್ರಿಸ್ಪರ್‌ನಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾವನ್ನು ಕೊಲ್ಲಬಹುದೇ?

ಮಂಡ್ಯದಲ್ಲಿರುವ ನಿಮ್ಮ ತಾಯಿಗೆ ಮೂತ್ರದ ಸೋಂಕು ಮೂರನೆಯ ಸಲ ಮರುಕಳಿಸಿದೆ, ಮಾತ್ರೆ ನಾಟುತ್ತಿಲ್ಲ, ಕ್ರಿಸ್ಪರ್ ಎಂಬ ಜೀನ್ ತಿದ್ದುವ ತಂತ್ರ ಕೈಹಿಡಿಯುವುದೇ ಎಂದು ಕೇಳಿದ್ದೀರಿ. ನಾನು ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಕಲ್ಚರ್ ಪರೀಕ್ಷೆ, ಅಂದರೆ ಮಾದರಿಯಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಪರೀಕ್ಷೆ, ಮಾಡುವವಳು. ಆ ತಂತ್ರದ ಮೇಲೆ ನನಗೆ ದೊಡ್ಡ ಆಸೆಯಿದೆ, ಆದರೆ ಅದಿನ್ನೂ ಔಷಧದ ಅಂಗಡಿಗೆ ಬಂದಿಲ್ಲ.

ಕಳೆದ ವಾರ ಶ್ರೀರಂಗಪಟ್ಟಣದ ಕಡೆಯ ಅಜ್ಜಿಯೊಬ್ಬರ ಮಾದರಿ ಬಂದಿತ್ತು. ತಟ್ಟೆಯ ಮೇಲೆ ಅದರಲ್ಲಿದ್ದ ಇ. ಕೋಲೈ ಬ್ಯಾಕ್ಟೀರಿಯಾ ಸವರಿ, ಆಂಟಿಬಯೋಟಿಕ್ ಬಿಲ್ಲೆಗಳನ್ನಿಟ್ಟು ರಾತ್ರಿ ಬಿಟ್ಟೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಮೂಡುತ್ತದೆ. ಬೆಳಿಗ್ಗೆ ನೋಡಿದರೆ ಆರರಲ್ಲಿ ನಾಲ್ಕು ಬಿಲ್ಲೆಗಳ ಅಂಚಿಗೇ ಮಜ್ಜಿಗೆ ಬಣ್ಣದ ಪದರ ಒತ್ತಿಕೊಂಡು ಬೆಳೆದಿತ್ತು. ಎಷ್ಟು ವರ್ಷ ನೋಡಿದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಔಷಧಕ್ಕೆ ಬಗ್ಗದ ಈ ತಾಳಿಕೆಯ ಜೀನ್‌ಗಳು ಹಲವು ಸಲ ಪ್ಲಾಸ್ಮಿಡ್ ಎಂಬ ಬಳೆಯಾಕಾರದ ಡಿಎನ್‌ಎಯಲ್ಲಿರುತ್ತವೆ. ಪಕ್ಕದ ಮನೆಗೆ ಹೆಪ್ಪು ಕೊಟ್ಟಂತೆ ಒಂದು ಬ್ಯಾಕ್ಟೀರಿಯಾ ಅದನ್ನು ಇನ್ನೊಂದಕ್ಕೆ ಕೊಡುತ್ತದೆ, ತನ್ನದೇನೂ ಕಡಿಮೆಯಾಗುವುದಿಲ್ಲ.

ಕ್ರಿಸ್ಪರ್ ಕೂಡ ಬ್ಯಾಕ್ಟೀರಿಯಾಗಳದ್ದೇ ಆಯುಧ. ಮೇಲೆರಗುವ ಫೇಜ್ ಎಂಬ ವೈರಸ್ಸನ್ನು ಕತ್ತರಿಸಲು ಇಟ್ಟುಕೊಂಡದ್ದು. ಬೇಕಾದ ಜಾಗದಲ್ಲೇ ಕತ್ತರಿಸುವಂತೆ ಅದನ್ನು ಪಳಗಿಸಬಹುದೆಂದು 2012ರಲ್ಲಿ ತೋರಿಸಿದ ಶಾರ್ಪೆಂಟಿಯೆ ಮತ್ತು ಡೌಡ್ನಾ ಅವರಿಗೆ 2020ರ ನೊಬೆಲ್ ಬಂತು. ತಾಳಿಕೆಯ ಜೀನ್ ಪ್ಲಾಸ್ಮಿಡ್‌ನಲ್ಲಿದ್ದರೆ, ಕತ್ತರಿ ಬಿದ್ದಾಗ ಬ್ಯಾಕ್ಟೀರಿಯಾ ಅದನ್ನು ಕಳೆದುಕೊಂಡು ಹಳೆಯ ಔಷಧಕ್ಕೆ ಮತ್ತೆ ಬಗ್ಗುತ್ತದೆ. ಅದರ ಮುಖ್ಯ ಡಿಎನ್‌ಎಯಾದ ಕ್ರೋಮೋಸೋಮಿಗೇ ಬಿದ್ದರೆ ಸಾಮಾನ್ಯವಾಗಿ ಸಾಯುತ್ತದೆ. ಕತ್ತರಿ ಹುಡುಕುವ ಜಾಗ ತಮ್ಮಲ್ಲಿಲ್ಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಉಳಿಯುತ್ತವೆ ಎಂಬುದೇ ನನಗೆ ಹೆಚ್ಚು ಇಷ್ಟವಾದ ಸಂಗತಿ.

ತೊಡಕಿರುವುದು ಕತ್ತರಿಯನ್ನು ಒಳಗೆ ತಲುಪಿಸುವುದರಲ್ಲಿ. ಅದಕ್ಕೆ ಫೇಜನ್ನೇ ವಾಹನ ಮಾಡುತ್ತಾರೆ. ಆದರೆ ಒಂದು ಫೇಜ್ ಕೆಲವೇ ತಳಿಗಳಿಗೆ ಅಂಟುತ್ತದೆ, ಬ್ಯಾಕ್ಟೀರಿಯಾ ತನ್ನ ಮೇಲ್ಮೈ ಬದಲಿಸಿ ತಪ್ಪಿಸಿಕೊಳ್ಳಲೂಬಹುದು. ಹಾಗಾಗಿ ಹಲವನ್ನು ಬೆರೆಸುತ್ತಾರೆ. ಅಮೆರಿಕದ ಲೋಕಸ್ ಬಯೋಸೈನ್ಸಸ್ ಕಂಪನಿ ಕ್ಯಾಸ್3 ಎಂಬ ಕ್ರಿಸ್ಪರ್ ಕತ್ತರಿ ತುಂಬಿದ ಆರು ಫೇಜ್‌ಗಳ ಮಿಶ್ರಣವನ್ನು, ನಿಮ್ಮ ತಾಯಿಗಿರುವಂತಹ ಮೂತ್ರದ ಸೋಂಕಿನ ಮಹಿಳೆಯರಿಗೇ ಆಂಟಿಬಯೋಟಿಕ್ ಜೊತೆ ಕೊಟ್ಟು ಎರಡನೆಯ ಹಂತದ ಪ್ರಯೋಗ ನಡೆಸಿದೆ. ಕ್ಯಾಸ್3 ಡಿಎನ್‌ಎಯನ್ನು ಒಂದು ಕಡೆ ಕತ್ತರಿಸಿ ಸುಮ್ಮನಾಗದೆ ಉದ್ದಕ್ಕೂ ಚಿಂದಿ ಮಾಡುತ್ತದೆ.

ಅದು ಬರುವವರೆಗೆ ತಾಯಿಯವರಿಗೆ ಅಂಗಡಿಯಿಂದ ಹಳೆಯ ಚೀಟಿಯ ಮಾತ್ರೆ ತಂದು ಕೊಡಬೇಡಿ. ವೈದ್ಯರಿಗೆ ತೋರಿಸಿ, ಹೊಸ ಮಾತ್ರೆಯ ಮೊದಲ ಗುಳಿಗೆಗೂ ಮುಂಚೆ ಕಲ್ಚರ್‌ಗೆ ಮಾದರಿ ಕೊಡಿಸಿ. ಎರಡು ಮೂರು ದಿನಗಳಲ್ಲಿ ವರದಿ ಬರುತ್ತದೆ. ಅಜ್ಜಿಯ ತಟ್ಟೆಯಲ್ಲಿ ಅತಿ ಅಗಲದ ಉಂಗುರ ಮೂಡಿದ್ದು 1950ರ ದಶಕದಿಂದ ಬಳಕೆಯಲ್ಲಿರುವ ನೈಟ್ರೋಫ್ಯುರಾಂಟೊಯಿನ್ ಎಂಬ ಆಂಟಿಬಯೋಟಿಕ್‌ನ ಬಿಲ್ಲೆಯ ಸುತ್ತ. ಅವರ ವೈದ್ಯರು ಅದನ್ನೇ ಬರೆದುಕೊಟ್ಟರು.